ಪುರಾಣದ ಬದನೆಕಾಯಿ

ಹೋದ ಏಪ್ರಿಲ್‌ನಲ್ಲಿ ತಿಪಟೂರಿನಿಂದ ತಮ್ಮನ ಫೋನು ಬಂತು. ಅವನ ಮಗನನ್ನು ಒಂದನೇ ಕ್ಲಾಸಿಗೆ ಸೇರಿಸಬೇಕಾಗಿತ್ತು. ಮನೆಯಿಂದ ನಡೆದು ಹೋಗುವಷ್ಟು ಹತ್ತಿರ ಒಂದು ಕನ್ನಡ ಶಾಲೆ ಇದೆ. ಇನ್ನೊಂದು ಇಂಗ್ಲಿಷ್ ಮೀಡಿಯಮ್ಮಿನದು, ಬೆಳಿಗ್ಗೆ ಏಳೂಮುಕ್ಕಾಲಿಗೆ ಹಳದಿ ವ್ಯಾನು ಬಂದು ಹಾರನ್ ಹೊಡೆಯುತ್ತದೆ. 'ಅಣ್ಣ, ನೀನೇನಂತೀಯ?' ಅಂದ. ನಾನು ಹಿಂದೆ ಮುಂದೆ ನೋಡಲಿಲ್ಲ. 'ಕನ್ನಡ ಶಾಲೆಗೇ ಹಾಕು. ಐದನೇ ಕ್ಲಾಸಿನ ತನಕ ಮಾತೃಭಾಷೆಯಲ್ಲಿ ಓದಲಿ. ಆಮೇಲೆ ಇಂಗ್ಲಿಷು ತಾನಾಗೇ ಬರುತ್ತೆ. ನಾವೆಲ್ಲ ಹಾಗೇ ಓದಿದ್ದಲ್ವಾ?' ಅಂತ ಹತ್ತು ನಿಮಿಷ ಹೇಳಿದೆ. ಚೆನ್ನಾಗಿಯೇ ಹೇಳಿದೆ ಅಂತ ನನಗೇ ಅನ್ನಿಸಿತ್ತು.

ಫೋನು ಸ್ಪೀಕರಿನಲ್ಲಿತ್ತು ಅಂತ ಕಾಣುತ್ತದೆ. ತಮ್ಮನ ಹೆಂಡತಿ ಮಧ್ಯೆ ಬಂದಳು. ಎಂದೂ ನನಗೆ ಎದುರು ಮಾತಾಡಿದವಳಲ್ಲ. 'ಭಾವ, ಒಂದ್ ಮಾತು ಕೇಳ್ತೀನಿ, ಬೇಜಾರ್ ಮಾಡ್ಕೋಬೇಡಿ. ನಿಮ್ಮ ಮಗಳಿಗೆ ಕನ್ನಡ ಓದೋಕೆ ಬರುತ್ತಾ?'

ಬರುವುದಿಲ್ಲ. ಓದುಗರಿಗೆ ಮೊದಲೇ ಹೇಳಿಬಿಡುವುದು ಒಳ್ಳೆಯದು. ನಾನು ಮದ್ರಾಸಿಗೆ ಬಂದದ್ದು 1991ರಲ್ಲಿ. ಆಗಿನ್ನೂ ಅದು ಚೆನ್ನೈ ಆಗಿರಲಿಲ್ಲ. ಮಗಳು ಇಲ್ಲೇ ಹುಟ್ಟಿ, ಇಲ್ಲೇ ಓದಿ, ಈಗ ಇಲ್ಲೇ ಕೆಲಸದಲ್ಲಿದ್ದಾಳೆ. ಮನೆಯಲ್ಲಿ ಅಮ್ಮನ ಜೊತೆ ಕನ್ನಡ ಮಾತಾಡುತ್ತಾಳೆ, ನಡುನಡುವೆ ತಮಿಳು ಬೆರೆಸುತ್ತಾಳೆ. ಆದರೆ ಅಕ್ಷರ ಬರುವುದಿಲ್ಲ. ಶಾಲೆಯಲ್ಲಿ ಎರಡನೇ ಭಾಷೆಗೆ ತಮಿಳು, ಹಿಂದಿ, ಫ್ರೆಂಚ್ ಇದ್ದವು. ಫ್ರೆಂಚಿಗೆ ಮಾರ್ಕು ಚೆನ್ನಾಗಿ ಬರುತ್ತೆ ಅಂತ ಅದನ್ನೇ ಕೊಡಿಸಿದೆವು. ಮನೆಯಲ್ಲಿ ಕೂರಿಸಿಕೊಂಡು ನಾನೇ ಅ ಆ ಇ ಈ ಹೇಳಿಕೊಡಬಹುದಿತ್ತು. ಒಂದು ರಜೆಯಲ್ಲಿ ಶುರು ಮಾಡಿದ್ದೆ ಕೂಡ. 'ಋ'ವರೆಗೆ ಬಂದು ನಿಂತಿತು. ಅವಳಿಗೆ ಟ್ಯೂಷನ್, ನನಗೆ ಆಫೀಸಿನ ಮಾರ್ಚ್ ತಿಂಗಳ ಲೆಕ್ಕ. ಕಾರಣಗಳಿಗೇನು ಬರವೇ?

ನನ್ನಿಂದ ಉತ್ತರ ಬರದ್ದು ನೋಡಿ ತಮ್ಮನ ಹೆಂಡತಿಯೇ ಮಾತು ಮುಗಿಸಿದಳು. 'ನಿಮ್ಮ ಮಗಳಿಗೆ ಬೇಡವಾದ ಕನ್ನಡದ ಭಾರ ನಮ್ಮ ಮಗ ಒಬ್ಬನೇ ಯಾಕೆ ಹೊರಬೇಕು ಭಾವ?'

ಒಬ್ಬ ಪುರಾಣಿಕರು ಸಂಜೆ ಹೊತ್ತು ಗುಡಿಯಲ್ಲಿ ಬದನೆಕಾಯಿ ತಿನ್ನಬಾರದು ಅಂತ ಪುರಾಣ ಹೇಳಿದರಂತೆ. ಕೇಳಿಸಿಕೊಂಡ ಹೆಂಡತಿ ಮನೆಗೆ ಬಂದು ಮಾಡಿಟ್ಟಿದ್ದ ಎಣ್ಣೆಗಾಯಿಯನ್ನೆಲ್ಲ ತಿಪ್ಪೆಗೆ ಸುರಿದಳಂತೆ. ಊಟಕ್ಕೆ ಕೂತ ಪುರಾಣಿಕರು, 'ಅಯ್ಯೋ ಪೆದ್ದಿ, ಅದು ಪುರಾಣದ ಬದನೆಕಾಯಿ ಕಣೆ, ಇದು ತಿನ್ನೋ ಬದನೆಕಾಯಿ!' ಅಂದರಂತೆ. ಹೊರನಾಡಿನಲ್ಲಿರುವ ನಮ್ಮಂಥವರ ಕನ್ನಡಪ್ರೇಮವನ್ನು ಕಂಡು ಊರಿನಲ್ಲಿರುವ ನಿಮಗೆ ಈ ಕಥೆ ಎಷ್ಟು ಸಲ ನೆನಪಾಗಿದೆಯೋ ನಾನರಿಯೆ. ನನಗಂತೂ ಆ ದಿನ ಪುರಾಣಿಕ ನಾನೇ ಅನ್ನಿಸಿತು.

ನಾನಿರುವುದು ಬೆಸೆಂಟ್ ನಗರದಲ್ಲಿ. ಅಡ್ಯಾರಿನ ಥಿಯಸಾಫಿಕಲ್ ಸೊಸೈಟಿ ಇಲ್ಲಿಂದ ದೂರವೇನಿಲ್ಲ. ಆ ಸಂಜೆ ಸಮುದ್ರದ ಕಡೆ ನಡೆಯುತ್ತಾ ಹೋಗುವಾಗ ಒಬ್ಬ ಮನುಷ್ಯ ನೆನಪಿಗೆ ಬಂದ. ನೂರು ವರ್ಷಕ್ಕೂ ಹಿಂದೆ ಆನಿ ಬೆಸೆಂಟ್ ಕರೆದರು ಅಂತ ಇದೇ ಅಡ್ಯಾರಿಗೆ ಬಂದವನು. ಐರ್ಲೆಂಡಿನ ನಾಟಕಕಾರ, ಕವಿ. ತಾನು ಜೀವಮಾನವೆಲ್ಲ ಬರೆದದ್ದು ಇಂಗ್ಲಿಷಿನಲ್ಲಿ. ಆದರೆ ಒಬ್ಬ ಕನ್ನಡದ ಹುಡುಗನಿಗೆ 'ಇಂಗ್ಲಿಷು ಬಿಡು, ನಿನ್ನ ಭಾಷೆಯಲ್ಲಿ ಬರಿ' ಎಂದು ಹೇಳಿದವನು. ಅವನೂ ಪುರಾಣದ ಬದನೆಕಾಯಿಯವನೇ ತಾನೆ? ಅವನು ಹೇಳಿದ್ದಕ್ಕೆ ಕನ್ನಡಕ್ಕೆ ಒಬ್ಬ ಕುವೆಂಪು ಸಿಕ್ಕರು. ನಾನು ಹೇಳಿದ್ದಕ್ಕೆ ನನಗೆ ಬೈಗುಳ ಸಿಕ್ಕಿತು. ವ್ಯತ್ಯಾಸ ಎಲ್ಲಿದೆ? ಕೇಳುವವನ ಯೋಗ್ಯತೆಯಲ್ಲೋ, ಹೇಳುವವನಲ್ಲೋ, ಹೇಳಿದ ರೀತಿಯಲ್ಲೋ?

ಜೇಮ್ಸ್ ಕಸಿನ್ಸ್ ಹೆಸರು ನಮ್ಮಲ್ಲಿ ಬಹಳ ಜನಕ್ಕೆ ಗೊತ್ತು. ಆದರೆ ಕುವೆಂಪು ಕಥೆಯೊಳಗೆ ಒಂದು ಸಲ ಬಾಗಿಲು ತೆರೆದು ಬಂದು, ಒಂದು ಮಾತು ಹೇಳಿ ಹೋಗುವ ಪಾತ್ರವಾಗಿ ಅಷ್ಟೆ. ಬಾಗಿಲಿನ ಆಚೆ ಅವನಿಗೂ ಒಂದು ಊರಿತ್ತು, ಒಂದು ಸೋಲಿತ್ತು ಎಂಬುದನ್ನು ನಾವು ಕೇಳುವುದಿಲ್ಲ.

ಅವನು ಹುಟ್ಟಿದ್ದು 1873ರಲ್ಲಿ, ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್ ಪಟ್ಟಣದಲ್ಲಿ, ಮೆಥಡಿಸ್ಟ್ ಕ್ರೈಸ್ತರ ಮನೆಯಲ್ಲಿ. ಹೆಚ್ಚು ಓದುವ ಅನುಕೂಲವಿರಲಿಲ್ಲ. ಚಿಕ್ಕ ವಯಸ್ಸಿನಲ್ಲೇ ಶಾಲೆ ಬಿಟ್ಟು ಗುಮಾಸ್ತನಾದ. 1897ರಲ್ಲಿ ಡಬ್ಲಿನ್‌ಗೆ ಹೋದ. ಅಲ್ಲೂ ಗುಮಾಸ್ತಿಕೆಯೇ. ಆಗ ಆ ಊರಿನಲ್ಲಿ ಒಂದು ಹೊಸ ಗಾಳಿ ಬೀಸುತ್ತಿತ್ತು. ಯೇಟ್ಸ್, ಜಾರ್ಜ್ ರಸೆಲ್, ಲೇಡಿ ಗ್ರೆಗರಿ ಮೊದಲಾದವರು ಐರ್ಲೆಂಡಿನ ಹಳೆಯ ಕಥೆಗಳನ್ನು ಮತ್ತೆ ಎತ್ತಿಕೊಂಡು, ನಮ್ಮದೂ ಒಂದು ರಂಗಭೂಮಿ ಬೇಕು ಎಂದು ಹೊರಟಿದ್ದರು. 1902ರ ಏಪ್ರಿಲ್ 2ರಂದು ಡಬ್ಲಿನ್ನಿನ ಒಂದು ಸಣ್ಣ ಸಭಾಂಗಣದಲ್ಲಿ ರಸೆಲ್ಲನ 'ಡೀರ್‌ಡ್ರ' ಮತ್ತು ಯೇಟ್ಸನ 'ಕ್ಯಾಥ್ಲೀನ್ ನಿ ಹೂಲಿಹನ್' ಆಡಿದರು. ಐರಿಶ್ ರಂಗಭೂಮಿಯ ಚರಿತ್ರೆಯಲ್ಲಿ ಅದು ದೊಡ್ಡ ದಿನ. ರಸೆಲ್ಲನ ನಾಟಕದಲ್ಲಿ ಬಣ್ಣ ಹಚ್ಚಿದವರಲ್ಲಿ ಕಸಿನ್ಸನೂ ಒಬ್ಬ. ಅದೇ ವರ್ಷ ಅಕ್ಟೋಬರ್ ಕೊನೆಯಲ್ಲಿ ಅವನದೇ ಎರಡು ನಾಟಕಗಳು ರಂಗಕ್ಕೆ ಬಂದವು: 'ದಿ ಸ್ಲೀಪ್ ಆಫ್ ದಿ ಕಿಂಗ್' ಮತ್ತು 'ದಿ ರೇಸಿಂಗ್ ಲಗ್'.

ಎರಡನೆಯದು ಬೆಸ್ತರ ಬದುಕಿನದು. ಸಮುದ್ರಕ್ಕೆ ಹೋದ ದೋಣಿ, ದಡದಲ್ಲಿ ಕಾಯುವ ಮನೆಯವರು. ಸಿಂಜ್ ಬರೆದ 'ರೈಡರ್ಸ್ ಟು ದಿ ಸೀ' ರಂಗಕ್ಕೆ ಬಂದದ್ದು ಇದಾದ ಮೇಲೆ, 1904ರಲ್ಲಿ. ಸಿಂಜನದು ಜಗತ್ತಿಗೆಲ್ಲ ಗೊತ್ತು, ಕಸಿನ್ಸನದು ಯಾರಿಗೂ ಗೊತ್ತಿಲ್ಲ. ಮೊದಲನೆಯದು ಐರಿಶರ ಒಂದು ಹಳೆಯ ಕಥೆ. ನಮ್ಮಂಥ ಊರು ಬಿಟ್ಟವರು ಕೇಳಲೇಬೇಕಾದ ಕಥೆ ಅದು. ಕಾನ್ ಎಂಬ ರಾಜ. ಅವನಿಗೆ ಕಾನ್ಲ ಎಂಬ ಮಗ. ಒಂದು ದಿನ ಆ ಮಗನ ಮುಂದೆ ಬೇರೆ ಲೋಕದ ಹೆಣ್ಣೊಬ್ಬಳು ಬಂದು, ಮುಪ್ಪು ಸಾವುಗಳಿಲ್ಲದ ನನ್ನ ನಾಡಿಗೆ ಬಾ ಎಂದು ಕರೆಯುತ್ತಾಳೆ. ರಾಜ ತನ್ನ ಮಂತ್ರವಾದಿಯಿಂದ ಅವಳನ್ನು ಓಡಿಸುತ್ತಾನೆ. ಹೋಗುತ್ತಾ ಅವಳು ಹುಡುಗನ ಕೈಗೆ ಒಂದು ಸೇಬು ಎಸೆದು ಹೋಗುತ್ತಾಳೆ. ಒಂದು ತಿಂಗಳು ಅವನು ಬೇರೆ ಅನ್ನ ನೀರು ಮುಟ್ಟದೆ ಆ ಸೇಬನ್ನೇ ತಿನ್ನುತ್ತಾನೆ. ತಿಂದಷ್ಟೂ ಅದು ಸವೆಯುವುದಿಲ್ಲ. ತಿಂಗಳು ಕಳೆದ ಮೇಲೆ ಅವಳು ಮತ್ತೆ ಬರುತ್ತಾಳೆ. ಅಪ್ಪ ಒಂದು ಕಡೆ, ಅವಳು ಒಂದು ಕಡೆ. ನನ್ನ ಜನರ ಮೇಲೆ ನನಗೆ ಪ್ರೀತಿಯಿದೆ, ಆದರೂ ಈ ಆಸೆ ನನ್ನನ್ನು ಹಿಡಿದಿದೆ ಎಂದು ಹುಡುಗ ಸಂಕಟಪಡುತ್ತಾನೆ. ಕೊನೆಗೆ ಅವಳ ಗಾಜಿನ ದೋಣಿಗೆ ಹಾರುತ್ತಾನೆ. ಮತ್ತೆ ಯಾರೂ ಅವನನ್ನು ಕಾಣುವುದಿಲ್ಲ.

1991ರಲ್ಲಿ ನನಗೆ ಬಂದದ್ದು ಸೇಬಲ್ಲ, ಒಂದು ಅಪಾಯಿಂಟ್‌ಮೆಂಟ್ ಆರ್ಡರು. ಆದರೆ ಅದೂ ತಿಂದಷ್ಟು ಸವೆಯದ ಹಣ್ಣೇ. ಇನ್ನೆರಡು ವರ್ಷ, ಮಗಳ ಹತ್ತನೇ ಕ್ಲಾಸು ಮುಗಿಯಲಿ, ಈ ಸಾಲ ತೀರಲಿ ಅಂತ ತಿನ್ನುತ್ತಲೇ ಮೂವತ್ತು ವರ್ಷ ದಾಟಿತು.

ಕಸಿನ್ಸನ ಕಥೆಗೆ ಬರೋಣ. ಆ ಇಬ್ಬರು ಫೇ ಅಣ್ಣತಮ್ಮಂದಿರ ಮಂಡಳಿಯಲ್ಲಿ ಅವನದು ದೊಡ್ಡ ಹೆಸರಾಗಬೇಕಿತ್ತು. ಆಗಲಿಲ್ಲ. ಅವನ 'ಸೋಲ್ಡ್' ಎಂಬ ಪ್ರಹಸನವನ್ನು ಆಡಿಸಬೇಕೆಂಬ ಮಾತು ಬಂದಾಗ ಯೇಟ್ಸ್ ಅಡ್ಡ ನಿಂತ. ಕಸಿನ್ಸನ ಬರವಣಿಗೆಯ ಮೇಲೆ ಯೇಟ್ಸ್‌ಗೆ ಗೌರವವಿರಲಿಲ್ಲ. 1904ರ ಕೊನೆಯಲ್ಲಿ ಅಬಿ ಥಿಯೇಟರ್ ತೆರೆಯುವ ಹೊತ್ತಿಗೆ ಕಸಿನ್ಸ್ ಹೊರಗೆ ಉಳಿದಿದ್ದ. ಅದೇ ವರ್ಷ ಜೂನ್‌ನಲ್ಲಿ ಜೇಮ್ಸ್ ಜಾಯ್ಸ್ ಎಂಬ ಇಪ್ಪತ್ತೆರಡರ ಹುಡುಗ, ಉಳಿದುಕೊಳ್ಳಲು ಜಾಗವಿಲ್ಲದೆ, ಕಸಿನ್ಸ್ ದಂಪತಿಗಳ ಮನೆಯಲ್ಲಿ ಒಂದೆರಡು ರಾತ್ರಿ ಕಳೆದ. ಇವರು ಸಸ್ಯಾಹಾರಿಗಳು. ಆ ತರಕಾರಿ ಊಟ ನನ್ನ ಹೊಟ್ಟೆಗೆ ಆಗುವುದಿಲ್ಲ ಅಂತ ಅವನು ಜಾಗ ಖಾಲಿ ಮಾಡಿದ. ಮುಂದೆ ಒಂದು ಲೇವಡಿಯ ಪದ್ಯದಲ್ಲಿ ಇವನ ಹೆಸರನ್ನೂ ಎಳೆದು ತಂದ. ಬದನೆಕಾಯಿಯ ವಿಷಯದಲ್ಲಾದರೂ ಕಸಿನ್ಸ್ ಹೇಳಿದಂತೆ ನಡೆದವನು ಅಂತ ನಾವು ಒಪ್ಪಬಹುದು!

ಹೆಂಡತಿ ಮಾರ್ಗರೆಟ್ ಇವನಿಗಿಂತ ಗಟ್ಟಿ. ಸಂಗೀತ ಓದಿದವಳು. ಹೆಂಗಸರಿಗೆ ಓಟಿನ ಹಕ್ಕು ಬೇಕು ಎಂದು 1908ರಲ್ಲಿ ಡಬ್ಲಿನ್ನಿನಲ್ಲಿ ಸಂಘ ಕಟ್ಟಿದವರಲ್ಲಿ ಒಬ್ಬಳು, ಅದಕ್ಕಾಗಿ ಜೈಲಿಗೂ ಹೋದವಳು. ಇಬ್ಬರೂ 1913ರಲ್ಲಿ ಲಿವರ್‌ಪೂಲ್‌ಗೆ ಹೋದರು, 1915ರಲ್ಲಿ ಮದ್ರಾಸಿಗೆ ಬಂದರು. ಆನಿ ಬೆಸೆಂಟರ 'ನ್ಯೂ ಇಂಡಿಯಾ' ಪತ್ರಿಕೆಯಲ್ಲಿ ಕಸಿನ್ಸ್‌ಗೆ ಕೆಲಸ. ಮರುವರ್ಷ ಈಸ್ಟರ್ ಹಬ್ಬದಲ್ಲಿ ಡಬ್ಲಿನ್ ದಂಗೆಯೆದ್ದಿತು. ಬ್ರಿಟಿಷರು ಮುಂದಾಳುಗಳನ್ನು ಗುಂಡಿಟ್ಟು ಕೊಂದರು. ಆ ದಂಗೆಯನ್ನು ಹೊಗಳಿ ಕಸಿನ್ಸ್ ಪತ್ರಿಕೆಯಲ್ಲಿ ಬರೆದ. ಕೆಲಸ ಹೋಯಿತು. ಅಲ್ಲಿಂದ ಮದನಪಲ್ಲಿಯ ಕಾಲೇಜಿಗೆ ಮೇಷ್ಟರಾಗಿ ಹೋದ. 1919ರಲ್ಲಿ ಆ ಕಾಲೇಜಿಗೆ ರವೀಂದ್ರನಾಥ ಠಾಕೂರರು ಬಂದು ಕೆಲವು ದಿನ ಇದ್ದರು. 'ಜನಗಣಮನ'ವನ್ನು ಅವರು ಇಂಗ್ಲಿಷಿಗೆ ತಿರುಗಿಸಿದ್ದು, ಅದರ ಧಾಟಿಗೆ ಮಾರ್ಗರೆಟ್ ಸ್ವರಲಿಪಿ ಬರೆದದ್ದು ಅಲ್ಲೇ.

ಹೀಗೆ ಊರಿನಲ್ಲಿ ನಾಟಕಕಾರನಾಗಿ ಸೋತ ಒಬ್ಬ ಗುಮಾಸ್ತ ನಮ್ಮ ದೇಶದಲ್ಲಿ ಮೇಷ್ಟರಾದ. 1924ರಲ್ಲಿ ಮೈಸೂರಿಗೆ ಬಂದಿದ್ದಾಗ ಜಗನ್ಮೋಹನ ಅರಮನೆಯ ಚಿತ್ರಶಾಲೆಯನ್ನು ಅಣಿಮಾಡುವುದರಲ್ಲಿ ಕೈಜೋಡಿಸಿದ. ಅದೇ ವರ್ಷ ಅವನನ್ನು ನೋಡಲು ಒಬ್ಬ ವಿದ್ಯಾರ್ಥಿ ಹೋದ. ಮಲೆನಾಡಿನ ಕುಪ್ಪಳಿಯ ಹುಡುಗ, ಇಪ್ಪತ್ತು ತುಂಬಿರಲಿಲ್ಲ, ಖಾದಿ ಉಟ್ಟಿದ್ದ. ಇಂಗ್ಲಿಷಿನಲ್ಲಿ ಬರೆದ ಕವನಗಳ ಒಂದು ಪುಸ್ತಿಕೆ, 'ಬಿಗಿನರ್ಸ್ ಮ್ಯೂಸ್', ಎರಡು ವರ್ಷದ ಹಿಂದೆಯೇ ಅಚ್ಚಾಗಿತ್ತು. ಐರ್ಲೆಂಡಿನ ಕವಿ ಬೆನ್ನು ತಟ್ಟಿಯಾನು ಎಂದು ತನ್ನ ಇಂಗ್ಲಿಷ್ ಪದ್ಯಗಳನ್ನು ಮುಂದಿಟ್ಟ.

ಮುಂದಿನದನ್ನು ಕುವೆಂಪು 'ನೆನಪಿನ ದೋಣಿಯಲ್ಲಿ' ತಾವೇ ಹೇಳಿದ್ದಾರೆ. ಕಸಿನ್ಸ್ ಹಾಳೆ ತಿರುವಿದ. ಬೆನ್ನು ತಟ್ಟಲಿಲ್ಲ. ಮೈಮೇಲಿನ ಬಟ್ಟೆ ಸ್ವದೇಶಿ, ಬರೆಯುವುದು ಮಾತ್ರ ಏಕೆ ಹೀಗೆ ಎಂಬಂತೆ ಕೇಳಿದ. ನಿನ್ನ ಭಾಷೆಯಲ್ಲಿ ಏನಾದರೂ ಬರೆದಿದ್ದೀಯಾ ಎಂದು ವಿಚಾರಿಸಿದ. ಹುಡುಗ ಸುಮ್ಮನಿರಲಿಲ್ಲ, ವಾದ ಮಾಡಿದ. ಕನ್ನಡದಲ್ಲಿ ಅಂಥ ಹೊಸ ಛಂದಸ್ಸು ಇಲ್ಲ, ಇಂಗ್ಲಿಷಿನಲ್ಲಿರುವ ವೈವಿಧ್ಯವಿಲ್ಲ, ಅದರಲ್ಲಿ ಇಂಥ ಭಾವ ಹೇಳಲಾಗದು ಎಂದ. ಯಾವ ಭಾಷೆಯೂ ತಾನಾಗಿ ಅಸಮರ್ಥವಲ್ಲ, ಸಮರ್ಥನಾದವನು ಬಂದು ಬಳಸಬೇಕು, ಬಂಗಾಳಿಯಲ್ಲಿ ಠಾಕೂರರು ಮಾಡಿಲ್ಲವೇ ಎಂದು ಕಸಿನ್ಸ್ ಉತ್ತರಿಸಿದ. ಹುಡುಗ ಸಂತೋಷದಿಂದ ಹೊರಬರಲಿಲ್ಲ. ಮನಸ್ಸು ಕಹಿಯಾಗಿತ್ತು. ಆದರೆ ಮಾತು ಒಳಗೆ ಉಳಿಯಿತು. ಕನ್ನಡದಲ್ಲಿ ಬರೆದು ನೋಡಿದ. ಕೈ ನಿಲ್ಲಲಿಲ್ಲ. ಆಮೇಲಿನದು ನಿಮಗೆಲ್ಲ ಗೊತ್ತು. 1949ರಲ್ಲಿ ಬಂದ 'ಶ್ರೀ ರಾಮಾಯಣ ದರ್ಶನಂ'ಗೆ ಕನ್ನಡದ ಮೊದಲ ಜ್ಞಾನಪೀಠ ಸಿಕ್ಕಿತು.

ಈಗ ನನ್ನ ತಮ್ಮನ ಹೆಂಡತಿ ಆ ಕೋಣೆಯಲ್ಲಿ ಇದ್ದಿದ್ದರೆ ಏನು ಕೇಳುತ್ತಿದ್ದಳು? 'ಸ್ವಾಮಿ, ತಾವು ಐರಿಶ್ ಭಾಷೆಯಲ್ಲಿ ಎಷ್ಟು ಪುಸ್ತಕ ಬರೆದಿದ್ದೀರಿ?' ಒಂದೂ ಇಲ್ಲ. ಅವನ ಹತ್ತಾರು ಕವನಸಂಗ್ರಹಗಳು, ನಾಟಕಗಳು, ವಿಮರ್ಶೆ, ಎಲ್ಲವೂ ಇಂಗ್ಲಿಷಿನವು. ಕಾನ್ಲನ ಕಥೆ ಐರಿಶ್ ಭಾಷೆಯಲ್ಲಿ ಹುಟ್ಟಿದ್ದು, ಕಸಿನ್ಸ್ ಅದನ್ನು ಆಡಿಸಿದ್ದು ಇಂಗ್ಲಿಷಿನಲ್ಲಿ. ಅವನ ಮನೆಮಾತು ಇಂಗ್ಲಿಷೇ, ಬೆಲ್‌ಫಾಸ್ಟಿನ ಪ್ರಾಟೆಸ್ಟಂಟರ ಮನೆಯಲ್ಲಿ ಬೇರೇನು ಇದ್ದೀತು, ಎಂದು ಸಮಾಧಾನ ಹೇಳಬಹುದು. ಅದು ನಿಜವೂ ಹೌದು. ಅವನು ತನ್ನ ತಾಯಿಯ ಭಾಷೆಯಲ್ಲೇ ಬರೆದ, ಹುಡುಗನಿಗೂ ತಾಯಿಯ ಭಾಷೆಯಲ್ಲಿ ಬರಿ ಎಂದ. ಹಾಗೆ ನೋಡಿದರೆ ನಡೆ ನುಡಿ ಎರಡೂ ಒಂದೇ. ಆದರೆ ಈ ಸಮಾಧಾನ ಬಹಳ ಸುಲಭದ್ದು. ಅವನಿಗೆ ಮನೆಯಲ್ಲಿ ಸಿಕ್ಕ ಭಾಷೆಗೆ ಲೋಕವೆಲ್ಲ ಮಾರುಕಟ್ಟೆ ಇತ್ತು. ಹುಡುಗನಿಗೆ ಮನೆಯಲ್ಲಿ ಸಿಕ್ಕ ಭಾಷೆಗೆ ಆ ಮಾರುಕಟ್ಟೆ ಇರಲಿಲ್ಲ. ಒಬ್ಬನು ಏನೂ ಕಳೆದುಕೊಳ್ಳದೆ ಪಾಲಿಸಬಹುದಾದ ನಿಯಮವನ್ನು, ಕಳೆದುಕೊಂಡೇ ಪಾಲಿಸಬೇಕಾದ ಇನ್ನೊಬ್ಬನಿಗೆ ಹೇಳಿದಾಗ ಅದು ಒಂದೇ ನಿಯಮ ಎನ್ನುವುದು ಹೇಗೆ?

ಮಾತು ಸರಿಯಾಗಿದ್ದರೆ ಸಾಕು, ಹೇಳಿದವನು ಯಾರಾದರೇನು ಎನ್ನುವವರಿದ್ದಾರೆ. ಸಿಗರೇಟು ಸೇದುವ ಡಾಕ್ಟರು ಸಿಗರೇಟು ಬಿಡಿ ಎಂದರೆ ಮಾತು ಸುಳ್ಳಾಗುವುದಿಲ್ಲ. ಒಪ್ಪೋಣ. ಆದರೆ ಡಾಕ್ಟರ ಮಾತು ಒಂದು ತಿಳಿವಳಿಕೆ, ಅದರ ಲಾಭ ಪೂರ್ತಿ ರೋಗಿಗೆ. ಭಾಷೆಯ ಮಾತು ಹಾಗಲ್ಲ. 'ಕನ್ನಡ ಉಳಿಯಬೇಕು' ಅಂದಾಗ ಲಾಭ ಎಲ್ಲರದು, ಕಷ್ಟ ಒಬ್ಬ ಹುಡುಗನದು. ನಾಳೆ ಇಂಟರ್‌ವ್ಯೂನಲ್ಲಿ ತೊದಲಿದರೆ ತೊದಲುವವನು ಅವನೇ, ಚೆನ್ನೈಯ ದೊಡ್ಡಪ್ಪ ಬಂದು ಪಕ್ಕದಲ್ಲಿ ಕೂರುವುದಿಲ್ಲ. ಊರಿನ ಕೆರೆಯ ಹೂಳು ತೆಗೆಯಬೇಕು ಅಂತ ಎಲ್ಲರೂ ಭಾಷಣ ಮಾಡಿ, ಗುದ್ದಲಿ ಮಾತ್ರ ಪಕ್ಕದ ಮನೆಯವನ ಕೈಗೆ ಕೊಟ್ಟಂತೆ. ನನ್ನ ತಮ್ಮನ ಹೆಂಡತಿ ಕೇಳಿದ್ದು ಈ ಗುದ್ದಲಿಯ ವಿಷಯ. ಕನ್ನಡ ಒಳ್ಳೆಯದೋ ಕೆಟ್ಟದ್ದೋ ಎಂದು ಅವಳು ಕೇಳಲೇ ಇಲ್ಲ.

ಇನ್ನೊಂದು ವಾದವಿದೆ: ಕಳೆದುಕೊಂಡವನಿಗೇ ಬೆಲೆ ಗೊತ್ತು. ಕಸಿನ್ಸನ ದೇಶ ತನ್ನ ಭಾಷೆಯನ್ನು ಕಳೆದುಕೊಂಡಿತ್ತು. 1901ರ ಜನಗಣತಿಯಲ್ಲಿ ಐರಿಶ್ ಬಲ್ಲವರು ನೂರಕ್ಕೆ ಸುಮಾರು ಹದಿನಾಲ್ಕು ಮಂದಿ. ಐವತ್ತು ವರ್ಷ ಹಿಂದೆ, ದೊಡ್ಡ ಕ್ಷಾಮ ಮುಗಿದ ಹೊತ್ತಿನಲ್ಲಿ ಕೂಡ, ಅದು ಇಪ್ಪತ್ತಮೂರು. ಕ್ಷಾಮದಲ್ಲಿ ಸತ್ತವರು, ಹಡಗು ಹತ್ತಿದವರು ಹೆಚ್ಚಾಗಿ ಆ ಭಾಷೆಯ ಬಡವರೇ. ಉಳಿದವರು ಮಕ್ಕಳು ಅಮೆರಿಕಕ್ಕೆ ಹೋಗಬೇಕಲ್ಲ ಅಂತ ಇಂಗ್ಲಿಷು ಕಲಿಸಿದರು. ಯಾವ ತಾಯಿತಂದೆಯೂ ಭಾಷೆ ಸಾಯಲಿ ಅಂತ ಹಾಗೆ ಮಾಡಿರಲಿಕ್ಕಿಲ್ಲ. ಒಂದೊಂದು ಮನೆಯೂ ತನ್ನ ಮಗುವಿನ ಹಿತವನ್ನೇ ನೋಡಿತು. ಎಲ್ಲ ಮನೆಗಳೂ ಹಾಗೆ ನೋಡಿದ್ದರಿಂದ ಭಾಷೆ ಹೋಯಿತು. 1893ರಲ್ಲಿ ಗೇಲಿಕ್ ಲೀಗ್ ಎಂಬ ಸಂಘ ಕಟ್ಟಿ ದೊಡ್ಡವರು ಸಂಜೆ ತರಗತಿಗಳಲ್ಲಿ ಕೂತು ತಮ್ಮದೇ ದೇಶದ ಅಕ್ಷರ ತಿದ್ದಬೇಕಾಯಿತು. ಅಂಥ ಊರಿನಿಂದ ಬಂದವನು, ಭಾಷೆ ಇನ್ನೂ ಬದುಕಿರುವ ಕಡೆಯ ಹುಡುಗ ಅದನ್ನು ಪಕ್ಕಕ್ಕಿಟ್ಟು ಬಂದದ್ದನ್ನು ಕಂಡರೆ ಸುಮ್ಮನಿರಬೇಕೆ? ಮನೆ ಸುಟ್ಟುಕೊಂಡವನು ಪಕ್ಕದ ಮನೆಯವರಿಗೆ ದೀಪ ಜೋಪಾನ ಎಂದರೆ, 'ಮೊದಲು ನಿನ್ನ ಮನೆ ನೋಡಿಕೋ' ಅನ್ನುವುದು ನ್ಯಾಯವೇ?

ಈ ವಾದ ನನಗೆ ಹಿತವಾಗಿತ್ತು, ಯಾಕೆಂದರೆ ಇದರಲ್ಲಿ ನನಗೂ ಜಾಗವಿದೆ. ನಾನೂ ಕಳೆದುಕೊಂಡವನೇ, ಅದಕ್ಕೇ ತಮ್ಮನಿಗೆ ಹೇಳಿದೆ ಅಂತ ಎದೆ ತಟ್ಟಿಕೊಳ್ಳಬಹುದು. ಆದರೆ ಮನೆ ಸುಟ್ಟುಕೊಂಡವನು 'ನಾನು ಸುಟ್ಟುಕೊಂಡೆ' ಎಂದು ಮೊದಲು ಹೇಳಬೇಕಲ್ಲ? ನಾನು ಫೋನಿನಲ್ಲಿ ಹತ್ತು ನಿಮಿಷ ಮಾತಾಡಿದೆ, ಅದರಲ್ಲಿ ನನ್ನ ಮಗಳ ಹೆಸರು ಒಂದು ಸಲವೂ ಬರಲಿಲ್ಲ. ಅದನ್ನು ಎತ್ತಿದವಳು ತಮ್ಮನ ಹೆಂಡತಿ. ನಾನು ಮಾಡಿದ್ದು ಎಚ್ಚರಿಕೆ ಆಗಲಿಲ್ಲ, ಉಪದೇಶ ಆಯಿತು.

ಮತ್ತೂ ಒಂದು ಪ್ರಶ್ನೆ ಒಳಗೇ ಕೊರೆಯಿತು. ಯಾರ ಸಲುವಾಗಿ ಹೇಳಿದೆ? ನಿಜ ಹೇಳಬೇಕೆಂದರೆ, ಆ ಮಗುವಿನ ಕಲಿಕೆಯ ಬಗ್ಗೆ ನಾನು ಯೋಚಿಸಿಯೇ ಇರಲಿಲ್ಲ. ಕನ್ನಡ ಶಾಲೆ ಅಂದ ಕೂಡಲೇ ನನ್ನ ಕಣ್ಣ ಮುಂದೆ ಬಂದದ್ದು ನಾನು ಓದಿದ ಶಾಲೆ, ಹೊಂಗೆ ಮರ, ಮಗ್ಗಿ ಹೇಳುವ ಸಂಜೆ. ವರ್ಷಕ್ಕೆ ಒಂದು ಸಲ ಹಬ್ಬಕ್ಕೆ ಹೋದಾಗ ಅದೆಲ್ಲ ಇದ್ದಲ್ಲೇ ಇರಬೇಕು, ಒಬ್ಬ ಹುಡುಗ ನನ್ನ ಹಾಗೆಯೇ ಚೀಲ ಹೊತ್ತು ನಡೆದು ಹೋಗುತ್ತಿರಬೇಕು. ಊರು ಬಿಟ್ಟವರಿಗೆಲ್ಲ ಈ ಆಸೆ ಇದೆ. ನಾವು ಬದಲಾಗುತ್ತೇವೆ, ಊರು ಬದಲಾಗಬಾರದು. ನಮ್ಮ ನೆನಪಿಗೆ ನಿಮ್ಮನ್ನು ಕಾವಲಿಗೆ ನಿಲ್ಲಿಸುತ್ತೇವೆ. ಸಂಬಳ ಕೊಡುವುದಿಲ್ಲ.

ಕಸಿನ್ಸನಲ್ಲಿ ಈ ದೋಷ ಇರಲಿಲ್ಲವೇ? ಇತ್ತು ಅಂತಲೇ ನನಗನ್ನಿಸುತ್ತದೆ. ಅವನು ಥಿಯಸಾಫಿಸ್ಟ್. ಭಾರತ ಎಂದರೆ ಅಧ್ಯಾತ್ಮ, ಅದು ಹಾಗೆಯೇ ಇರಬೇಕು ಎಂಬ ಹಂಬಲದಿಂದ ಬಂದವನು. ಖಾದಿ ಉಟ್ಟ ಹುಡುಗ ಇಂಗ್ಲಿಷ್ ಪದ್ಯ ತಂದರೆ ಅವನ ಕನಸಿನ ಭಾರತಕ್ಕೂ ಏಟು ಬೀಳುತ್ತಿತ್ತು. ಹುಡುಗನಿಗೆ ಕಹಿಯಾದದ್ದರಲ್ಲಿ ಆಶ್ಚರ್ಯವಿಲ್ಲ. ಇಂಗ್ಲಿಷಿನವನು ಬಂದು 'ನಿನಗೆ ಇಂಗ್ಲಿಷು ಬೇಡ' ಎಂದರೆ, 'ಅದು ನಮಗೆ ಮಾತ್ರ' ಎಂದಂತೆಯೂ ಕೇಳುತ್ತದೆ.

ಆದರೂ ಆ ಮಾತು ಉಪದೇಶವಾಗಿ ಬಿದ್ದುಹೋಗಲಿಲ್ಲ. ಯಾಕೆ? ನನಗೆ ಮೂರು ಕಾರಣ ಕಾಣುತ್ತವೆ. ಒಂದು, ಹುಡುಗ ತಾನಾಗಿ ಬಂದು ಕೇಳಿದ್ದ. ಅವನು ಹೊಗಳಿಕೆ ಕೇಳಿದ, ಇವನು ಸತ್ಯ ಕೊಟ್ಟ. ಇಂಗ್ಲಿಷ್ ಪದ್ಯ ಚೆನ್ನಾಗಿದೆ ಎಂದು ಸುಳ್ಳು ಹೇಳಿ ಕಳಿಸುವುದು ಸುಲಭವಿತ್ತು. ಎರಡು, ಇವನು ಎದುರು ವಾದವನ್ನು ಕೇಳಿಸಿಕೊಂಡ. ಛಂದಸ್ಸಿಲ್ಲ ಎಂದವನಿಗೆ 'ದೇಶಭಕ್ತಿ ಇಲ್ಲವೇ' ಎಂದು ಗದರಲಿಲ್ಲ, ಛಂದಸ್ಸಿಗೇ ಉತ್ತರ ಕೊಟ್ಟ. ಮಾಡಬೇಕಾದ್ದು ದೊಡ್ಡದು, ಅದು ನಿನ್ನಿಂದ ಆದೀತು ಎಂದ. ಹೊರೆ ಹೊರಿಸಿದ್ದು ನಿಜ, ಆದರೆ ಹೊರುವವನ ಬಲವನ್ನು ನಂಬಿ ಹೊರಿಸಿದ. ನಾನು ಆರು ವರ್ಷದ ಮಗುವಿನ ಬಲವನ್ನು ನೋಡಿಯೇ ಇರಲಿಲ್ಲ. ಮೂರು, ಇವನು ಹೇಳಿ ಬಿಟ್ಟುಬಿಟ್ಟ. ಹುಡುಗನ ಮೇಲೆ ಇವನಿಗೆ ಯಾವ ಅಧಿಕಾರವೂ ಇರಲಿಲ್ಲ. ಮಾತು ನಿಜವೋ ಅಲ್ಲವೋ ಎಂಬುದನ್ನು ಹುಡುಗ ಮನೆಗೆ ಹೋಗಿ ತನ್ನ ಲೇಖನಿಯಲ್ಲೇ ಪರೀಕ್ಷೆ ಮಾಡಿದ. ಇಂಗ್ಲಿಷು ಓದುವುದನ್ನೇನೂ ಅವನು ಬಿಡಲಿಲ್ಲ. ವರ್ಡ್ಸ್‌ವರ್ತ್, ಶೆಲ್ಲಿ, ಮಿಲ್ಟನ್ ಎಲ್ಲರನ್ನೂ ಓದಿ ಅರಗಿಸಿಕೊಂಡೇ ಕನ್ನಡ ಬರೆದ. ಕಸಿನ್ಸ್ ಹೇಳಿದ್ದನ್ನು ಹೇಳಿದಂತೆ ಪಾಲಿಸಲಿಲ್ಲ, ತನ್ನದಾಗಿ ಮಾಡಿಕೊಂಡ.

ಜೊತೆಗೆ ಇನ್ನೊಂದು ಮಾತು. ಕಸಿನ್ಸ್ ತನ್ನ ಪಾಲಿನ ಗುದ್ದಲಿ ಹಿಡಿದಿದ್ದ. ಐರ್ಲೆಂಡಿನ ಪರವಾಗಿ ಒಂದು ಲೇಖನ ಬರೆದು ಕೆಲಸ ಕಳೆದುಕೊಂಡ. ಈ ದೇಶದ ಹುಡುಗರಿಗೆ ವರ್ಷಗಟ್ಟಲೆ ಪಾಠ ಹೇಳಿದ. ತಿರುವನಂತಪುರದಲ್ಲಿ 1935ರಲ್ಲಿ ಚಿತ್ರಾಲಯ ಕಟ್ಟಿದ. ಹೆಂಡತಿ ನಮ್ಮ ಹೆಂಗಸರ ಸಂಘಟನೆಗಳನ್ನು ಕಟ್ಟಿದಳು, ಬ್ರಿಟಿಷರ ಸುಗ್ರೀವಾಜ್ಞೆಯ ವಿರುದ್ಧ ಮಾತಾಡಿ ವೆಲ್ಲೂರಿನ ಜೈಲು ಸೇರಿದಳು. ಅವಳು 1954ರಲ್ಲಿ, ಅವನು 1956ರಲ್ಲಿ ಇಲ್ಲೇ ಕಣ್ಣು ಮುಚ್ಚಿದರು. ಅವನು ಹೋದದ್ದು ಅದೇ ಮದನಪಲ್ಲಿಯಲ್ಲಿ. ಕಾನ್ಲನ ಹಾಗೆ ಮತ್ತೆ ಊರಿಗೆ ಸೇರಲಿಲ್ಲ. ಅವನ ಪದ್ಯಗಳನ್ನು ಇವತ್ತು ಡಬ್ಲಿನ್ನಿನಲ್ಲೂ ಓದುವವರು ಕಡಿಮೆ. ಅವನ ನಾಟಕಗಳಿಗಿಂತ, ಮೈಸೂರಿನಲ್ಲಿ ಒಂದು ದಿನ ಆಡಿದ ಮಾತೇ ಹೆಚ್ಚು ಕಾಲ ಬಾಳಿತು. ಬೆಳೆದದ್ದು ಅವನ ಹೊಲದಲ್ಲಲ್ಲ, ನಮ್ಮ ಹೊಲದಲ್ಲಿ.

ಹಾಗಾದರೆ ನಡೆಯದವನು ನುಡಿಯಬಹುದೇ? ನುಡಿಯಬಹುದು ಅಂತಲೇ ನಾನು ಈಗ ತಿಳಿದಿದ್ದೇನೆ. ನಡೆದವರು ಮಾತ್ರ ನುಡಿಯಬೇಕೆಂದರೆ ಲೋಕದಲ್ಲಿ ಬಹಳ ಒಳ್ಳೆಯ ಮಾತುಗಳು ಹುಟ್ಟುವುದೇ ಇಲ್ಲ. ಆದರೆ ಅವನು ತಾನು ನಡೆಯಲಿಲ್ಲ ಎಂಬುದನ್ನು ಮೊದಲು ಹೇಳಬೇಕು. ಹೊರುವವನ ಹೆಗಲನ್ನು ನೋಡಿ ಹೇಳಬೇಕು. ಒಂದು ಕೈಯಾದರೂ ಕೊಡಬೇಕು. ಬೇಡ ಎಂದರೆ ಬೇಜಾರು ಮಾಡಿಕೊಳ್ಳಬಾರದು.

ಒಂದು ವಾರ ಬಿಟ್ಟು ತಿಪಟೂರಿಗೆ ಫೋನು ಮಾಡಿದೆ. ತಮ್ಮನ ಹೆಂಡತಿಯನ್ನೇ ಕರೆಯಲು ಹೇಳಿದೆ. 'ನೋಡಮ್ಮ, ನೀನು ಕೇಳಿದ್ದು ಸರಿ. ನನ್ನ ಮಗಳಿಗೆ ನಾನು ಕಲಿಸಲಿಲ್ಲ, ಅದು ನನ್ನ ತಪ್ಪು. ಕನ್ನಡ ಶಾಲೆಯೇ ಒಳ್ಳೆಯದು ಅಂತ ನನಗೆ ಈಗಲೂ ಅನ್ನಿಸುತ್ತೆ. ಇಂಗ್ಲಿಷಿನ ಚಿಂತೆ ಇದ್ದರೆ ದಿನಾ ಸಂಜೆ ಅರ್ಧ ಗಂಟೆ ಫೋನಿನಲ್ಲಿ ನಾನು ಹೇಳಿಕೊಡ್ತೀನಿ. ಏನು ಮಾಡಬೇಕು ಅನ್ನೋದು ನಿಮ್ಮಿಬ್ಬರಿಗೆ ಬಿಟ್ಟದ್ದು' ಅಂದೆ. 'ಅಯ್ಯೋ ಭಾವ, ನಾನೇನೋ ಬಾಯಿಗೆ ಬಂದಿದ್ದು ಅಂದುಬಿಟ್ಟೆ' ಅಂತ ಅವಳು ಪೇಚಾಡಿದಳು. ಜೂನ್‌ನಲ್ಲಿ ಹುಡುಗ ಹಳದಿ ವ್ಯಾನನ್ನೇ ಹತ್ತಿದ. ನನಗೆ ಸ್ವಲ್ಪ ನೋವಾಯಿತು. ಆಗಬಾರದು ಅಂತ ಈಗ ತಾನೇ ಬರೆದಿದ್ದೇನೆ, ಆದರೂ ಆಯಿತು. ಸಂಜೆಯ ಅರ್ಧ ಗಂಟೆ ಮಾತ್ರ ಉಳಿದುಕೊಂಡಿದೆ. ಅದರಲ್ಲಿ ಈಗ ಇಂಗ್ಲಿಷು ಬೇಕಿಲ್ಲವಾದ್ದರಿಂದ ಕನ್ನಡದ ಕಥೆ ಓದಿ ಹೇಳುತ್ತೇನೆ. ಅವನು ನಡುನಡುವೆ ಎದ್ದು ಓಡುತ್ತಾನೆ.

ಈ ಫೋನಿನ ಪಾಠವನ್ನು ಮಗಳು ಹಾಲ್‌ನಲ್ಲಿ ಕೂತು ದಿನಾ ಕೇಳುತ್ತಾಳೆ. ಒಂದು ದಿನ ಫೋನು ಇಟ್ಟ ಮೇಲೆ ಕೇಳಿದಳು, 'ಅಪ್ಪಾ, ಚಿಕ್ಕಪ್ಪನ ಮಗನಿಗೆ ಇಷ್ಟು ಹೇಳ್ತೀಯಲ್ಲ, ನನಗೆ ಯಾಕೆ ಹೇಳಲೇ ಇಲ್ಲ?'

ತಮ್ಮನ ಹೆಂಡತಿಯ ಪ್ರಶ್ನೆಗೆ ಕೊನೆಗೆ ಒಂದು ಉತ್ತರವಾದರೂ ಸಿಕ್ಕಿತ್ತು. ಇದಕ್ಕೆ ಕಸಿನ್ಸನನ್ನು ಕರೆತಂದರೂ ನನ್ನಲ್ಲಿ ಉತ್ತರವಿಲ್ಲ. ಮಾರ್ಚ್ ತಿಂಗಳ ಲೆಕ್ಕ ಎಂದು ಹೇಳಲು ನಾಚಿಕೆಯಾಯಿತು. 'ಋ'ವರೆಗೆ ಬಂದಿದ್ದೆವಲ್ಲ ಅಂತ ನಗಲು ನೋಡಿದೆ. ಅವಳು ನಗಲಿಲ್ಲ.

ಈ ಲೇಖನ ಅಚ್ಚಾಗಿ ಬಂದಾಗ ಊರಿನಲ್ಲಿರುವ ನೀವು ಓದುತ್ತೀರಿ, ತಮ್ಮನ ಹೆಂಡತಿಯೂ ಓದಬಹುದು. ಇದು ಹೆಚ್ಚಾಗಿ ಯಾರ ವಿಷಯವೋ ಅವಳಿಗೆ ಮಾತ್ರ ನಾನೇ ಕೂತು ಓದಿ ಹೇಳಬೇಕು.